ಹಿಂದಿನಿಂದ ನೀರು ಕುಡಿಯುವ ಮೋಟಾರು

ಜಹಗೀರುಗಳು ಹೋದ ಮೇಲೆ ನಾನು ಮತ್ತು ಅವ್ವ ಚಿತ್ತಾಪುರಕ್ಕೆ ಬಂದೆವು. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕನ್ನಡ ಕಲಿಸುವ ನೌಕರಿ ಸಿಕ್ಕಿತ್ತು. ಅದಕ್ಕೂ ಮೊದಲು ಅವ್ವ ಚಿಂಚೋಳಿ ಕಡೆಯ ಒಬ್ಬ ಜಹಗೀರದಾರರ ಮೋಟಾರುಖಾನೆಯ ಪಕ್ಕದ ಕೋಣೆಯಲ್ಲೇ ಸಂಸಾರ ಮಾಡಿದವಳು. ಅಪ್ಪ ಅಲ್ಲಿ ಡ್ರೈವರ್. ಅವನು ಮೋಟಾರು ಓಡಿಸುತ್ತಿದ್ದ. ಅದನ್ನು ತೊಳೆಯುವುದು, ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು, ನೀರು ತುಂಬುವುದು ಅವ್ವನ ಪಾಲಿಗೆ. ಅದನ್ನು ಯಾರೂ ಕೆಲಸವೆಂದು ಕರೆಯಲಿಲ್ಲ. ಅಪ್ಪ ಅಲ್ಲಿಯೇ ತೀರಿಕೊಂಡ.

ಒಂದು ರಜೆಯ ದಿನ ವಾಡಿಯಲ್ಲಿ ರೈಲು ಬದಲಿಸಿ, ಅವ್ವನನ್ನು ಶಹಾಬಾದಿಗೆ ಮಧ್ಯಾಹ್ನದ ಸಿನಿಮಾಕ್ಕೆ ಕರೆದುಕೊಂಡು ಹೋದೆ. ಥಿಯೇಟರಿನ ಬಾಗಿಲಲ್ಲೊಂದು ಬೋರ್ಡು ಇತ್ತು: ಚಿತ್ರದಲ್ಲಿ ಬರುವ ಮೂರು ಹಳೆಯ ಮೋಟಾರುಗಳು ಯಾವ ಯಾವ ದೇಶದವು? ಸರಿಯಾಗಿ ಬರೆದುಕೊಟ್ಟವರಿಗೆ ಗೋಡೆ ಗಡಿಯಾರ ಇನಾಮು.

ಚಿತ್ರದಲ್ಲಿ ಒಬ್ಬ ಜಮೀನ್ದಾರನ ಮದುವೆಯ ಮೆರವಣಿಗೆ ಬಂತು. ಮುಂದೆ ಮೂರು ಮೋಟಾರುಗಳು. ಅವ್ವ ನನ್ನ ತೋಳು ಹಿಡಿದಳು.

"ಮೊದಲಿಂದು ಇಂಗ್ಲೆಂಡಿಂದು. ನಡುವಿಂದು ಅಮೆರಿಕಾದ್ದು, ಸ್ಟೇರಿಂಗ್ ಎಡಕ್ಕದ ನೋಡ್. ಕಡೀದು ಫ್ರಾನ್ಸಿಂದು."

"ಅದ್ಹ್ಯಾಂಗ ಗೊತ್ತಾತು?"

"ಅದರ ಮೂಗು ನೋಡ್, ಮೊರದ್ಹಂಗ ಇಳಕಲ ಅದ. ಮುಂದ ಜಾಲಿನೇ ಇಲ್ಲ. ನೀರ್ ಹಾಕೋ ಬಾಯಿ ಎಂಜಿನ್ ಹಿಂದ ಇರ್ತದ. ಅಂಥಾದ್ದಕ್ಕೇ ಅಲ್ಲೇನು ನಾ ನೀರ್ ಹಾಕಿದ್ದು!"

ಆಟ ಮುಗಿದ ಮೇಲೆ ಚೀಟಿಯಲ್ಲಿ ಅವ್ವನ ಹೆಸರು ಬರೆದು, ಮೂರು ದೇಶ ಬರೆದು ಡಬ್ಬಿಗೆ ಹಾಕಿದೆ.

ಮುಂದಿನ ಭಾನುವಾರ ಇಬ್ಬರೂ ಹೋದರೆ ಜವಾಬು ಬೋರ್ಡಿಗೆ ಬಂದಿತ್ತು: ಮೂರೂ ಇಂಗ್ಲೆಂಡಿನವು. ಗಡಿಯಾರ ಅಲ್ಲಿನ ಸಿಮೆಂಟು ಕಾರ್ಖಾನೆಯ ಒಬ್ಬ ಎಂಜಿನಿಯರ್ ಸಾಹೇಬರಿಗೆ ಸಿಕ್ಕಿತ್ತು. ನಾನು ನೇರ ಮ್ಯಾನೇಜರನ ಕೋಣೆಗೆ ನುಗ್ಗಿದೆ, ಅವ್ವ ಹಿಂದೆಯೇ ಬಂದಳು. ಅವನು ಚೀಟಿಗಳ ಕಟ್ಟಿನಿಂದ ನಮ್ಮದನ್ನು ಹುಡುಕಿ ತೆಗೆದು ನಕ್ಕ.

"ಇದು ಯಾರು ಹೇಳಿಕೊಟ್ಟಾರ್ರಿ, ಅಕ್ಕೋರ?"

"ಯಾರ್ ಹೇಳಿಕೊಡಬೇಕ್ರಿ ಸಾಹೇಬ್ರ?" ಎಂದಳು ಅವ್ವ. "ಕೊಡ ಹೊತ್ತು ಹೊತ್ತು ಅದಕ್ಕ ನೀರ್ ಹಾಕೀನಿ."

"ನೀರ್ ಹಾಕೋರಿಗೆ ಮೋಟಾರ್ ಎಲ್ಲಿದಂತ ತಿಳೀತದೇನು? ಗಂಡನ ಹೆಸರಲೆ ಬರದಿದ್ರ ನೋಡ್ತಿದ್ದೆ."

"ಅವರು ತೀರ್ಕೊಂಡಾರ್ರಿ," ಎಂದಳು ಅವ್ವ.

ಅದಕ್ಕಾದರೂ ಅವನು ತಲೆ ತಗ್ಗಿಸಬೇಕಿತ್ತು. ಇನ್ನೊಬ್ಬರ ಟಿಕೆಟು ಹರಿಯಲು ಎದ್ದು ಹೋದ. ಪುರಾವೆ ತಂದೇ ತೋರಿಸುತ್ತೇನೆ ಎಂದುಕೊಂಡೆ.

ಮುಂದಿನ ರಜೆಗೆ ನಾವಿಬ್ಬರೂ ರೈಲಿನಲ್ಲಿ ಸೇಡಂಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಹಳೆಯ ಮೋಟಾರುಖಾನೆಗೆ ಹೋದೆವು. ಬಾಗಿಲಿಗೆ ಕೀಲಿಯೂ ಇರಲಿಲ್ಲ. ಅದೇ ಇಳಿಜಾರು ಮೂಗಿನ ಮೋಟಾರಿನ ಗಾಲಿಗಳನ್ನು ಯಾರೋ ಬಿಚ್ಚಿ ಒಯ್ದಿದ್ದರು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅವ್ವ ಕೋಳಿಗೆ ತೊಂದರೆ ಕೊಡದೆ ಮುಂದೆ ಬಗ್ಗಿ, ಸೆರಗಿನಿಂದ ಕಂಪನಿಯ ಹೆಸರು ಕೆತ್ತಿದ ಒಂದು ಹಿತ್ತಾಳೆ ಪಟ್ಟಿ ಒರೆಸಿದಳು. ಅವಳಿಗೆ ಇಂಗ್ಲಿಷ್ ಅಕ್ಷರ ಬಾರದು, ಆದರೆ ಪಟ್ಟಿ ಎಲ್ಲಿದೆಯೆಂದು ಕೈಗೆ ಗೊತ್ತಿತ್ತು. ನಾನು ಓದಿದೆ. ಕೊನೆಯ ಸಾಲಿನಲ್ಲಿ ಫ್ರಾನ್ಸ್ ಎಂದೇ ಇತ್ತು. ಕಾಗದವನ್ನು ಅದರ ಮೇಲಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಕ್ಷರಗಳನ್ನು ಮೂಡಿಸಿಕೊಂಡೆ.

ಮತ್ತೆ ಶಹಾಬಾದಿಗೆ ಹೋದೆವು. ಅದೇ ಸಿನಿಮಾ ಇನ್ನೂ ಓಡುತ್ತಿತ್ತು. ಗೋಡೆಗೆ ಅಂಟಿಸಿದ್ದ ಚಿತ್ರಗಳಲ್ಲಿ ಮೆರವಣಿಗೆಯದೂ ಒಂದಿತ್ತು. ಅವ್ವ ಮ್ಯಾನೇಜರನನ್ನು ಅದರ ಮುಂದೆ ನಿಲ್ಲಿಸಿ, ಮೂರನೆಯ ಮೋಟಾರಿನ ಇಳಿಜಾರು ಮೂಗಿನ ಮೇಲೆ ಬೆರಳಿಟ್ಟಳು. ನಾನು ಕಾಗದ ಬಿಚ್ಚಿದೆ. ಅವನು ಓದಿದ. ಎರಡು ಸಲ ಓದಿದ.

"ಇರಬಹುದು. ಆದ್ರ ಈಗ ಏನ್ ಮಾಡ್ಲಿಕ್ಕಾಗ್ತದ? ದೊಡ್ಡವರಿಗೆ ಕೊಟ್ಟಿದ್ದು ವಾಪಸ್ ಕೇಳ್ಲೇನು? ಮೋಟಾರ್ ಎಲ್ಲಿದಾದ್ರೇನು ಬಿಡ್ರಿ."

"ಎಲ್ಲಿದಾದ್ರೇನು ಅನ್ನೋರು ಬೋರ್ಡ್ ಯಾಕ್ ಹಚ್ಚಿದ್ರಿ?" ಎಂದಳು ಅವ್ವ. "ಗಡಿಯಾರ ಅವರ ಹತ್ರಾನೇ ಇರ್ಲಿ. ಬೋರ್ಡ್ ಮ್ಯಾಗ ಬರದಿದ್ದು ತಿದ್ದ್ರಿ, ಸಾಕು."

ಅವನು ತಿದ್ದಲಿಲ್ಲ. ಸೀಮೆಸುಣ್ಣ ಅಲ್ಲೇ ಮೇಜಿನ ಮೇಲಿತ್ತು. ನಾನು ಅದನ್ನೆತ್ತಿಕೊಂಡು ಹೊರಗೆ ಹೋಗಿ, 'ಮೂರೂ ಇಂಗ್ಲೆಂಡಿನವು' ಎಂಬುದರ ಮೇಲೆ ಗೆರೆ ಎಳೆದು ಸರಿಯಾದ ಮೂರು ದೇಶ ಬರೆದೆ. ಟಿಕೆಟಿಗೆ ನಿಂತಿದ್ದವರು ನೋಡುತ್ತಿದ್ದಂತೆ ಮ್ಯಾನೇಜರನ ಮಾತಿಗೆ ಬಾಗಿಲು ಕಾಯುವವನು ಬಂದು ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟ. ಖಾಲಿ ಬೋರ್ಡು ಉಳಿಯಿತು.

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಚಿತ್ತಾಪುರದ ರೈಲು ಕಾಯುತ್ತ ಕೂತಾಗ ಅವ್ವ ರೊಟ್ಟಿಯ ಗಂಟು ಬಿಚ್ಚಿದಳು.

"ಗೊತ್ತಿಲ್ಲದಾಗ ತಪ್ಪ್ ಬರದ, ಹೋಗ್ಲಿ," ಎಂದಳು. "ಗೊತ್ತಾದ ಮ್ಯಾಗೂ ಒರಸಿಸ್ಯಾನ ನೋಡ್. ಅದಕ್ಕ ಭಾಳ ನೋವಾತು."

ನಾನು ಬೆರಳಿಗಂಟಿದ ಸೀಮೆಸುಣ್ಣ ಒರೆಸಿಕೊಂಡೆ. ಅವ್ವ ಎರಡು ರೊಟ್ಟಿ ತಿಂದು, ನೀರು ಕುಡಿದು, ರೈಲಿನ ಸಿಗ್ನಲ್ಲಿನ ಕೈ ಇಳಿಯಿತೇ ಎಂದು ನೋಡಲು ಎದ್ದು ಹೋದಳು.