ಹುಂಜ ಹಾಯ್ಟನಿಗೆ ತಪ್ಪಿದ ಪಟ್ಟ

ನನ್ನ ಗಂಡ ಹಾಯ್ಟ್ ಟಿಂಡಲ್ ಬಿದ್ದು ಬದುಕಿದವನು. ಬೇರೆ ಗಂಡಸರು ಕಡಲೆಕಾಯಿ ಬೆಳೆದೋ ಲಾರಿ ಓಡಿಸಿಯೋ ಸಂಸಾರ ಸಾಕಿದರೆ, ಇವನು ಕುಸ್ತಿ ಅಖಾಡದ ಹಲಗೆಗೆ ಬೆನ್ನು ಬಡಿದುಕೊಂಡು ನನ್ನನ್ನೂ ಮಗಳನ್ನೂ ಸಾಕಿದ. ಡೋಥನ್ನಿನಿಂದ ಹಿಡಿದು ಸಮುದ್ರದ ದಂಡೆಯವರೆಗೆ, ಅಲಬಾಮಾದ ನಮ್ಮ ಈ ಮೂಲೆಯಲ್ಲಿ 'ಹುಂಜ ಹಾಯ್ಟ್' ಎಂದರೆ ಎಳೆಮಕ್ಕಳಿಗೂ ಗೊತ್ತಿತ್ತು. ಆಳು ಗಿಡ್ಡ. ಮದುವೆಯ ದಿನ ನಾನು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಬಾರದೆಂದು ನನ್ನ ತಾಯಿ ಅದನ್ನು ಬಚ್ಚಿಟ್ಟಿದ್ದಳು.

ದೊಡ್ಡ ಆಳು ಇನ್ನೂ ದೊಡ್ಡದಾಗಿ ಕಾಣಬೇಕಾದರೆ ಅವನ ಕೈಯಿಂದ ಹಾರಿ ಬೀಳುವುದಕ್ಕೆ ಒಬ್ಬ ಸಣ್ಣವನು ಬೇಕು. ಹಾಯ್ಟ್ ಬಿದ್ದ ಹಾಗೆ ಬೀಳುವವರು ಇರಲಿಲ್ಲ. ಯಾರು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತಿತ್ತು. ಆದರೆ ಅದನ್ನು ಹೊರಗೆ ಬಾಯಿಬಿಟ್ಟವನಿಗೆ ಮರುದಿನದಿಂದ ಕೆಲಸವಿಲ್ಲ. ಹೆಂಡತಿಗೂ ಹೇಳುವಂತಿರಲಿಲ್ಲ. ನನಗೆ ಅವನು ಹೇಳಿದ್ದು ಮಗಳು ಹುಟ್ಟಿದ ಮೇಲೆ, ಅದೂ ನಾನು ಅಖಾಡಕ್ಕೆ ನುಗ್ಗಿ ಒಬ್ಬನ ತಲೆಗೂದಲು ಹಿಡಿದೆಳೆದ ಮೇಲೆ.

"ಅವನು ನನ್ನ ಸ್ನೇಹಿತ ಕಣೇ," ಎಂದ ಹಾಯ್ಟ್.

"ಸ್ನೇಹಿತನಾದ್ರೆ ಯಾಕೆ ನಿನ್ನ ಕಣ್ಣಿಗೆ ಬೆರಳಿಟ್ಟ?"

"ಕಣ್ಣಿಗಿಡಲಿಲ್ಲ. ಹುಬ್ಬಿಗಿಟ್ಟ."

ಆ ಸ್ನೇಹಿತನೇ ರಾಯ್ಸ್ ಪಡ್ಜೆಟ್. ಜನ ಮೆಚ್ಚುವ ಒಳ್ಳೆಯವನ ವೇಷ ಹಾಯ್ಟನದು, ಜನ ಉಗಿಯುವ ಕೆಟ್ಟವನ ವೇಷ ರಾಯ್ಸನದು. ಒಳ್ಳೆಯವನೂ ಕೆಟ್ಟವನೂ ಒಟ್ಟಿಗೆ ಕಾಣಿಸಿಕೊಳ್ಳಬಾರದು ಎಂಬುದು ಆ ಕಸುಬಿನ ಕಟ್ಟಳೆ. ಹಾಗಾಗಿ ರಾಯ್ಸ್ ನಮ್ಮ ಮನೆಗೆ ಊಟಕ್ಕೆ ಬಂದರೆ ಹಿಂದಿನ ಪೈನ್ ತೋಪಿನೊಳಗಿಂದ ಕಳ್ಳನ ಹಾಗೆ ಬರುತ್ತಿದ್ದ. ಬಂದವನೇ ತಲೆ ಬಗ್ಗಿಸಿ ತೋರಿಸುತ್ತಿದ್ದ. "ನೋಡು ತಂಗಿ, ನೀನು ಕಿತ್ತ ಜಾಗದಲ್ಲಿ ಇನ್ನೂ ಕೂದ್ಲು ಬಂದಿಲ್ಲ. ಬೆಣ್ಣೆ ಜಾಸ್ತಿ ಹಾಕು, ಪಾಪ ಕಳೀತದೆ."

ಎಪ್ಪತ್ತೊಂದರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಮೆಕ್ಕೆಜೋಳದ ರೊಟ್ಟಿ ಬೇಯಿಸಿ ಕಬ್ಬಿಣದ ಬಾಣಲೆಯನ್ನು ಒಲೆಯಿಂದ ಆಗಷ್ಟೇ ಹೊರಗಿಟ್ಟಿದ್ದೆ. ಹಾಯ್ಟ್ ಏನೋ ಮಾತಾಡುತ್ತ ಬಂದು ಅದರ ಹಿಡಿಯನ್ನು ಎಡಗೈಯಲ್ಲಿ ಹಿಡಿದುಕೊಂಡ. ಹಿಡಿದವನು ಹಿಡಿದೇ ಇದ್ದ, ಮಾತೂ ನಿಲ್ಲಿಸಲಿಲ್ಲ. ಚರ್ಮ ಸುಟ್ಟ ವಾಸನೆ ನನಗೆ ಮೊದಲು ಬಂತು. ನಾನು ಅವನ ಮಣಿಕಟ್ಟಿಗೆ ಹೊಡೆದು ಬಾಣಲೆ ಬಿಡಿಸಿದೆ. ಅವನು ತನ್ನ ಅಂಗೈಯನ್ನು ಯಾರೋ ಬೇರೆಯವರದೆಂಬಂತೆ ತಿರುಗಿಸಿ ತಿರುಗಿಸಿ ನೋಡಿದ.

"ಎಷ್ಟು ದಿನದಿಂದ ಹೀಗಿದೆ?"

"ಕಡಲೆಕಾಯಿ ಬಿತ್ತೋ ಹೊತ್ತಿಂದ," ಎಂದ.

ಪಕ್ಕದ ಊರಿನಲ್ಲಿ ಬೆನ್ನುಮೂಳೆ ನೋಡುವ ಒಬ್ಬ ವೈದ್ಯನಿದ್ದ. ಎಳೆದುಕೊಂಡು ಹೋದೆ. ಅವನು ಕತ್ತು ಮುಟ್ಟಿ ನೋಡಿದ, ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದ. "ಟಿಂಡಲ್, ನಿನ್ನ ಕತ್ತು ಹಳೇ ಕೊಟ್ಟಿಗೆ ಬಾಗ್ಲಿನ ಹಾಗೆ ಒಂದು ಕೀಲಿನ ಮೇಲೆ ನಿಂತಿದೆ. ಇನ್ನೊಂದು ಸಲ ತಲೆ ಕುಕ್ಕಿಸ್ಕೊಂಡ್ರೆ ನಿನ್ನ ಹೆಂಡ್ತಿನೇ ನಿನಗೆ ತುತ್ತು ತಿನ್ನಿಸ್ಬೇಕಾಗುತ್ತೆ," ಎಂದ.

ಅದೇ ವಾರ, ಆಟಗಳನ್ನು ನಡೆಸುತ್ತಿದ್ದ ಗ್ಯಾಂಟ್ ಸಾಹೇಬ ಹಾಯ್ಟನನ್ನು ಕರೆದು ಹಗುರ ತೂಕದ ಪಟ್ಟ ಈ ಸಲ ನಿನಗೇ ಎಂದು ಹೇಳಿದ. ಆ ಪಟ್ಟ ಆಗ ರಾಯ್ಸನ ಬಳಿ ಇತ್ತು: ಹಿತ್ತಾಳೆ ಬಿಲ್ಲೆ ಕೂರಿಸಿದ ಒಂದು ಅಗಲವಾದ ಬೆಲ್ಟು. ಸೆಪ್ಟೆಂಬರಿನ ಕಾರ್ಮಿಕರ ರಜೆಯ ಸೋಮವಾರ, ಮಧ್ಯಾಹ್ನ, ಚೆಂಡಾಟದ ಮೈದಾನದಲ್ಲಿ ಆಟ. ರಾಯ್ಸ್ ಹಾಯ್ಟನನ್ನು ತಲೆಕೆಳಗು ಮಾಡಿ ನೆಲಕ್ಕೆ ಕುಕ್ಕಬೇಕು, ಹುಂಜ ಸತ್ತೇ ಹೋಯಿತು ಎಂದು ಜನ ಎದೆ ಹಿಡಿದುಕೊಳ್ಳಬೇಕು, ಆಗ ಹಾಯ್ಟ್ ಎದ್ದು ಗೆಲ್ಲಬೇಕು. ಗೆದ್ದ ಮೇಲೆ ವರ್ಷವಿಡೀ ಊರೂರಿಗೆ ಹೋಗಿ ಆ ಬೆಲ್ಟನ್ನು ಉಳಿಸಿಕೊಳ್ಳಬೇಕು, ಎಲ್ಲ ಕಡೆಯೂ ಇದೇ ರೀತಿ ಬಿದ್ದು ಎದ್ದು.

"ಬೇಡ ಅನ್ನು," ಎಂದೆ.

"ಹದಿನೆಂಟು ವರ್ಷ ಬಿದ್ದಿದ್ದೀನಿ ವರ್ಲೀನ್. ಒಂದು ಸಲ ಗೆದ್ದು ನಿಂತ್ಕೊಂಡು ಮನೆಗೆ ಬರ್ತೀನಿ."

"ನಿಂತ್ಕೊಂಡೇ ಬರ್ತೀಯ ಅಂತ ವೈದ್ಯ ಹೇಳಿದ್ನಾ?"

"ರಾಯ್ಸ್ ಹುಷಾರಿ. ಅವನ ಕೈಲಿ ನನಗೇನೂ ಆಗಲ್ಲ. ಆದ್ರೆ ಅವನಿಗೆ ಗೊತ್ತಾಗ್ಬಾರದು. ಹೇಳಲ್ಲ ಅಂತ ಆಣೆ ಮಾಡು."

ನಾನು ಪಾತ್ರೆ ತೊಳೆಯುತ್ತಿದ್ದೆ. ಆಣೆ ಮಾಡಲಿಲ್ಲ.

ರಾಯ್ಸನಿಗೆ ಇಷ್ಟು ದಿನ ಹೇಗೆ ತಿಳಿಯಲಿಲ್ಲ ಎಂದರೆ, ಹಾಯ್ಟ್ ಮುಚ್ಚಿಡುವುದರಲ್ಲಿ ಜಾಣ. ಹಿಡಿತದಲ್ಲಿ ಸಿಕ್ಕಿಕೊಂಡು ಬಿದ್ದಿರುವಾಗ ಒಬ್ಬ ಇನ್ನೊಬ್ಬನ ಕೈಯನ್ನು ಜನರಿಗೆ ಕಾಣದ ಹಾಗೆ ಅದುಮುತ್ತಾನೆ, ಸರಿಯಾಗಿದ್ದೀಯಾ ಎಂದು ಕೇಳುವ ಬಗೆ ಅದು. ತಿರುಗಿ ಅದುಮಿದರೆ ಸರಿಯಾಗಿದ್ದೀನಿ ಎಂದರ್ಥ. ಹಾಯ್ಟ್ ತಿಂಗಳುಗಳಿಂದ ಉಪಾಯವಾಗಿ ಬಲಗೈಯನ್ನೇ ಮುಂದೆ ಕೊಡುತ್ತ ಬಂದಿದ್ದ.

ದೊಡ್ಡ ಆಟ ಹತ್ತಿರವಾದಂತೆ ಜನರ ಕಣ್ಣು ನಮ್ಮ ಮೇಲೆ ಜಾಸ್ತಿಯಾಯಿತು. ರಾಯ್ಸ್ ತೋಪಿನ ದಾರಿಯಿಂದ ಬರುವುದನ್ನೂ ಬಿಟ್ಟ. ನಾನು ಅವನ ಮನೆಗೆ ಹೋಗುವಂತಿಲ್ಲ, ಟೆಲಿಫೋನ್ ಮಾಡೋಣವೆಂದರೆ ಮೂರು ಮನೆಗೂ ಒಂದೇ ತಂತಿ, ಎಲ್ಲರ ಕಿವಿಯೂ ಅದರಲ್ಲೇ. ಕೊನೆಗೆ ಶನಿವಾರ ಕಿರಾಣಿ ಅಂಗಡಿಯ ಮುಂದೆ ಅವನು ನಾಯಿಗಳಿಗೆ ಹಿಟ್ಟಿನ ಮೂಟೆ ಹೊತ್ತು ಬರುವುದು ಕಾಣಿಸಿತು. ಅರ್ಧ ಊರು ಅಲ್ಲಿತ್ತು. ಹುಂಜ ಹಾಯ್ಟನ ಹೆಂಡತಿ ರಾಯ್ಸ್ ಪಡ್ಜೆಟ್ಟನ ಹತ್ತಿರ ಹೋಗಲು ಊರಿನವರು ಒಪ್ಪುವ ದಾರಿ ಒಂದೇ. ಜಗಳಕ್ಕೆ ಸೊಂಟ ಕಟ್ಟಿದವಳ ಹಾಗೆ ನಡೆದೆ.

"ಏ ರಾಯ್ಸ್ ಪಡ್ಜೆಟ್, ನಿಂಗೆ ಅಕ್ಕತಂಗೀರು ಇಲ್ವಾ? ಒಂದು ಸಂಸಾರ ಮುರಿಯೋಕೆ ಹೊರಟಿದ್ದೀಯಲ್ಲ, ನಾಚ್ಕೆ ಆಗಲ್ವಾ?"

ಅವನು ಕಸುಬುದಾರ. ತಕ್ಷಣ ಮೂಟೆ ಇಳಿಸಿ ಎದೆಯುಬ್ಬಿಸಿದ. "ನಿನ್ನ ಗಂಡ ಹುಂಜ ಅಲ್ಲಮ್ಮ, ಕೋಳಿಮರಿ. ಸೋಮವಾರ ಪುಕ್ಕ ಕೀಳ್ತೀನಿ. ಒಲೆ ಮೇಲೆ ನೀರಿಟ್ಟಿರು."

ಜನ ಓ ಎಂದು ಸುತ್ತಿಕೊಂಡರು. ನಾನು ಅವನ ಮೂಗಿನ ಕೆಳಗೆ ಬೆರಳು ಅಲ್ಲಾಡಿಸುತ್ತ ಹತ್ತಿರ ಹೋದೆ. ಹಲ್ಲು ಕಚ್ಚಿಕೊಂಡು, "ಅವನ ಎಡಗೈಗೆ ಸ್ಪರ್ಶ ಇಲ್ಲ. ಬಾಣಲೆ ಸುಟ್ಟರೂ ಗೊತ್ತಾಗ್ಲಿಲ್ಲ," ಎಂದೆ. ಆಮೇಲೆ ಗಟ್ಟಿಯಾಗಿ, "ನಿನ್ನ ಕೈ ಸೇದೋಗ!"

"ಯಾವಾಗಿಂದ ತಂಗಿ?" ತುಟಿ ಅಲುಗಲಿಲ್ಲ ಅವನದು.

"ಬಿತ್ತನೆಯಿಂದ. ಕತ್ತಿನಿಂದ ಬಂದಿರೋದು. ಇನ್ನೊಂದು ಸಲ ಕುಕ್ಕಿದ್ರೆ ಹಾಸಿಗೆನೇ ಗತಿ ಅಂದ ವೈದ್ಯ. ಬೆಲ್ಟು ಸಿಕ್ಕಿದ್ರೆ ವರ್ಷವೆಲ್ಲ ಕುಕ್ಕಿಸ್ಕೊಳ್ತಾನೆ."

ಅವನ ಮುಖದಿಂದ ಕೆಟ್ಟವನು ಒಂದು ಗಳಿಗೆ ಮಾಯವಾದ. ಯಾರಾದರೂ ನೋಡಿಬಿಟ್ಟಾರು ಎಂದು ನನಗೆ ಭಯವಾಯಿತು. ಅಷ್ಟರಲ್ಲಿ ನಮ್ಮ ಚರ್ಚಿನಲ್ಲಿ ಪಿಯಾನೋ ನುಡಿಸುವ ಒನೈಡಾ ಫಾಕ್ ಎಂಬ ಮುದುಕಿ ಬಂದು ಕೈಚೀಲದಿಂದ ಅವನ ಕಿವಿಗೊಂದು ಬಾರಿಸಿದಳು. ಚೀಲದಲ್ಲಿ ಪೀಚ್ ಹಣ್ಣಿನ ಡಬ್ಬಿಗಳಿದ್ದವು.

"ಹೆಂಗಸರ ಹತ್ರ ಜೋರು ಮಾಡ್ತೀಯೇನೋ ಹೇಡಿ?" ಎಂದಳು.

"ನೀನೂ ಬಾ ಅಜ್ಜಿ ಸೋಮವಾರ, ಇಬ್ರನ್ನೂ ಒಟ್ಟಿಗೇ ನೋಡ್ಕೋತೀನಿ," ಎಂದು ರಾಯ್ಸ್ ಮೂಟೆ ಎತ್ತಿಕೊಂಡು ಹೊರಟ. ಕಿವಿಯಿಂದ ರಕ್ತ ಇಳಿಯುತ್ತಿತ್ತು.

ಸೋಮವಾರ ಉರಿಬಿಸಿಲು. ಮೈದಾನದ ತುಂಬ ಬೇಯಿಸಿದ ಕಡಲೆಕಾಯಿಯ ವಾಸನೆ, ಟೋಪಿಗಳ ಸಾಲು. ನಾನು ಮುಂದಿನ ಬೆಂಚಿನಲ್ಲಿದ್ದೆ. ಮೊದಲರ್ಧ ಇಬ್ಬರೂ ಸೊಗಸಾಗಿ ಆಡಿದರು. ಹಾಯ್ಟ್ ಹಗ್ಗದಿಂದ ಹಗ್ಗಕ್ಕೆ ಹಾರಿದ, ಹುಂಜದ ಹಾಗೆ ಕೂಗಿದ, ಮಕ್ಕಳೂ ಕೂಗಿದರು. ಆಮೇಲೆ ನೆಲದಲ್ಲಿ ಒಬ್ಬರಿಗೊಬ್ಬರು ಸಿಕ್ಕಿಹಾಕಿಕೊಂಡಿರುವಾಗ ರಾಯ್ಸನ ಕೈ ಜರುಗುವುದನ್ನು ಕಂಡೆ. ಚಾಚಿದ್ದ ಬಲಗೈಯನ್ನು ಬಿಟ್ಟು ಅದು ಎಡಗೈಯನ್ನು ಹಿಡಿಯಿತು. ಅದುಮಿತು. ಕಾದು ನೋಡಿತು. ಮತ್ತೆ ಅದುಮಿತು. ಹಾಯ್ಟ್ ಅವನ ಕಿವಿಯಲ್ಲಿ ಏನೋ ಬೇಡಿಕೊಳ್ಳುತ್ತಿದ್ದ.

ರಾಯ್ಸ್ ಎದ್ದವನು ಹಾಯ್ಟನನ್ನು ಎತ್ತಿ ಕುಕ್ಕಲಿಲ್ಲ. ಕಾಲಿಗೆ ಕಾಲು ಕೊಟ್ಟು ಮೆಲ್ಲಗೆ ಕೆಡವಿ, ಮೇಲೆ ಮಲಗಿ, ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿದ. ಮೂರು ಎಣಿಸುವುದರೊಳಗೆ ಭುಜ ಏಳದಿದ್ದರೆ ಸೋತಂತೆ. ತೀರ್ಪುಗಾರನಿಗೂ ಒಪ್ಪಂದ ಗೊತ್ತಿತ್ತು. ಅವನು ಒಂದು ಎಣಿಸಿ ಹಾಯ್ಟನ ಮುಖ ನೋಡಿದ, ಎರಡು ಎಣಿಸಿ ಕೈಯನ್ನು ಗಾಳಿಯಲ್ಲೇ ಇಟ್ಟುಕೊಂಡು ಕಾದ. ಹಾಯ್ಟನ ಬಲಭುಜ ಏಳುತ್ತಿತ್ತು, ಎಡಭುಜ ಏಳುತ್ತಿರಲಿಲ್ಲ. ಕತ್ತಿನ ನರ ಹಗ್ಗದಂತೆ ಉಬ್ಬಿತ್ತು. ಹದಿನೆಂಟು ವರ್ಷ ಹೊಡೆದಾಡಿದಂತೆ ಮಾಡಿದವರು ಆ ಗಳಿಗೆ ನಿಜವಾಗಿ ಹೋರಾಡುತ್ತಿದ್ದರು. ಜನರಿಗೆ ಅದು ಸಪ್ಪೆಯಾಗಿ ಕಂಡಿತು. ನನ್ನ ಹಿಂದೆ ಯಾರೋ, "ಇದೇನಯ್ಯ, ಮಲಗೇಬಿಟ್ರಾ?" ಎಂದು ನಕ್ಕರು. ತೀರ್ಪುಗಾರನಿಗೆ ಬೇರೆ ದಾರಿ ಉಳಿಯಲಿಲ್ಲ. ಕೈ ಮೂರನೆಯ ಸಲ ಹಲಗೆಗೆ ಬಡಿಯಿತು. ಜನರ ಕಡೆಯಿಂದ ಬಾಟಲಿಗಳು ಹಾರಿ ಬಂದವು.

ಮನೆಗೆ ಬರುವ ದಾರಿಯಲ್ಲಿ ಹಾಯ್ಟ್ ಒಂದೇ ಕೈಯಲ್ಲಿ ಗಾಡಿ ಓಡಿಸುತ್ತ ಕೇಳಿದ. "ನೀನು ಹೇಳಿದ್ಯಾ?"

"ಹೇಳ್ದೆ."

"ಯಾವಾಗ?"

"ಅಂಗಡಿ ಮುಂದೆ ಬೈದಾಗ."

ಸೇತುವೆ ದಾಟಿದ ಮೇಲೆ ಅವನು ಅಂದ, "ಊರೆಲ್ಲ ಹೇಳ್ತಿತ್ತು, ಹೆಂಡ್ತಿ ಅಂದ್ರೆ ಅವಳು, ಗಂಡನಿಗೋಸ್ಕರ ಹುಲಿ ಥರ ಮೇಲೆ ಬಿದ್ಲು ಅಂತ. ನಾನೂ ಹೆಮ್ಮೆಪಟ್ಟಿದ್ದೆ."

"ನಿನಗೋಸ್ಕರಾನೇ ಬಿದ್ದಿದ್ದು."



ಮರುದಿನ ಗ್ಯಾಂಟ್ ಸಾಹೇಬನ ಕೋಣೆಗೆ ಹೋಗಿ ಇನ್ನೊಂದು ಆಟ ಕೊಡಿ ಎಂದು ಕೇಳಿದ. ನಾನು ಬಾಗಿಲಲ್ಲಿದ್ದೆ. ರಾಯ್ಸ್ ಆಗಲೇ ಎಲ್ಲವನ್ನೂ ಹೇಳಿ, ಬೆಲ್ಟನ್ನು ಮೇಜಿನ ಮೇಲಿಟ್ಟು, ಬೈಸಿಕೊಂಡು, ಕೆಲಸ ಕಳೆದುಕೊಂಡು ಹೋಗಿದ್ದ. ಸಾಹೇಬ ಕೈ ಕುಲುಕಲು ತನ್ನ ಎಡಗೈ ಚಾಚಿದ. ಹಾಯ್ಟ್ ತನ್ನ ಎಡಗೈ ಕೊಟ್ಟ, ಅದರ ಬೆರಳುಗಳು ತಿರುಗಿ ಅದುಮಲಿಲ್ಲ. ಸಾಹೇಬ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಹಾಗೆಯೇ ಬಿಟ್ಟು, "ಮನೆಗೆ ಹೋಗಪ್ಪ," ಎಂದ.

ಹಾಯ್ಟ್ ಕಡಲೆಕಾಯಿ ಗಿರಣಿಯಲ್ಲಿ ತೂಕದ ಕೆಲಸಕ್ಕೆ ಸೇರಿದ. ರಾಯ್ಸ್ ಹೊಟ್ಟೆಪಾಡಿಗೆ ಕೆರೊಲಿನಾ ಕಡೆ ಹೋದ. ಹಾಯ್ಟನ ಎಡಗೈಗೆ ನಿಧಾನವಾಗಿ ಜೀವ ಬಂತು, ಕಿರುಬೆರಳಿಗೆ ಮಾತ್ರ ಬರಲಿಲ್ಲ. ಹಾಯ್ಟ್ ಮಗಳನ್ನು ಮದುವೆಯಲ್ಲಿ ತಾನೇ ಕರೆದುಕೊಂಡು ನಡೆದ, ಮೊಮ್ಮಕ್ಕಳನ್ನು ಎತ್ತಿದ. ರಾಯ್ಸ್ ಕ್ರಿಸ್ಮಸ್ಸಿಗೆ ಫೋನ್ ಮಾಡುತ್ತಿದ್ದ. ಗಂಟೆ ಬಾರಿಸಿದರೆ ಹಾಯ್ಟ್ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಆಮೇಲೆ ಬಂದು, "ಏನಂದ?" ಎನ್ನುತ್ತಿದ್ದ.

"ಕತ್ತು ಹೇಗಿದೆ ಅಂದ."

"ಕತ್ತು ನನ್ನದು."

ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಜನ ಕೇಳುವುದನ್ನು ಬಿಡಲಿಲ್ಲ. ಆ ಪಾಪಿ ನಿನಗೆ ಮೋಸ ಮಾಡಿದ ಅಲ್ಲವೇ ಎಂದರೆ ಹಾಯ್ಟ್ ಹೌದು, ಕದ್ದ ಎನ್ನುತ್ತಿದ್ದ. ನಿಜ ಹೇಳಿದರೆ ಕಸುಬಿನ ಗುಟ್ಟು ಒಡೆದಂತೆ. ಹಾಗಾಗಿ ಅವನು ಗುಟ್ಟು ಕಾಯುತ್ತಿದ್ದಾನೋ, ಮನಸ್ಸಿನಲ್ಲಿರುವುದನ್ನೇ ಹೇಳುತ್ತಿದ್ದಾನೋ ನನಗೆ ಎಂದೂ ಬಗೆಹರಿಯಲಿಲ್ಲ. ಮುಂದೆ ಟೀವಿಯಲ್ಲಿ ಆಟದ ಯಜಮಾನರೇ ಎಲ್ಲ ಮೊದಲೇ ಗೊತ್ತುಮಾಡಿದ್ದು ಎಂದು ಹೇಳಿಕೊಂಡರು. ಮೊಮ್ಮಕ್ಕಳಿಗೂ ಗೊತ್ತಾಯಿತು. ಆಗಲೂ ಹಾಯ್ಟನ ಮಾತು ಬದಲಾಗಲಿಲ್ಲ.

ರಾಯ್ಸ್ ಸತ್ತಾಗ ಹೆಣವನ್ನು ಅವನ ತಾಯಿಯ ಚರ್ಚಿಗೆ ತಂದರು. ಹಾಯ್ಟ್ ತಾನೇ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಂಡ. ನನ್ನನ್ನು ಕರೆದುಕೊಂಡು ಬಂದು ಮರದ ಕೆಳಗೆ ಗಾಡಿ ನಿಲ್ಲಿಸಿದ, ಇಳಿಯಲಿಲ್ಲ. ಗಿರಣಿಯಲ್ಲಿ ಜೊತೆಗಿದ್ದ ಒಬ್ಬ ಮುದುಕ ಕಿಟಕಿಗೆ ಬಗ್ಗಿದ.

"ದೊಡ್ಡ ಮನಸ್ಸು ಹಾಯ್ಟ್ ನಿಂದು, ಬಂದ್ಯಲ್ಲ. ಪಟ್ಟ ಕಿತ್ಕೊಂಡವನ ಮಣ್ಣಿಗೆ ಯಾರು ಬರ್ತಾರೆ?"

"ಕಿತ್ಕೊಂಡ," ಎಂದ ಹಾಯ್ಟ್, ಎದುರಿನ ಗಾಜನ್ನೇ ನೋಡುತ್ತ. "ನನ್ನದೇ ಆಗಿತ್ತು ಅದು."

ಮುದುಕ ಹೋದ ಮೇಲೆ ನಾನು ಬಾಗಿಲು ತೆರೆದು ಕಾದೆ. ಇಬ್ಬರೇ ಇದ್ದೆವು, ಕೇಳುವವರು ಯಾರೂ ಇರಲಿಲ್ಲ. ಅವನು ಬೇರೆ ಏನೂ ಹೇಳಲಿಲ್ಲ. ನಾನು ಒಳಗೆ ಹೋಗಿ, ರಾಯ್ಸನ ಮನೆಯವರು ಕೂರುವ ಸಾಲಿನಲ್ಲಿ ಜಾಗ ಬಿಡಿಸಿಕೊಂಡು ಕೂತೆ.