ವಿರುಪಾಕ್ಷಪ್ಪನ ದನಿ, ಜಾಫರಸಾಬನ ಡಬ್ಬಿ

ಹಾರೂಗೇರಿ ಬಸ್ ಸ್ಟ್ಯಾಂಡಿನ ಹಿಂದೆ ಸೌಂಡ್ ಸರ್ವಿಸ್ ಅಂಗಡಿ ಇಟ್ಟಿರುವ ಜಾಫರಸಾಬನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವನ ಮೈಕ್ ಸೆಟ್ಟಿನ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ಮುಗಿಯಿತು, ಆ ದಿನ ಅವರ ಕೆಲಸ ಆಗುವುದಿಲ್ಲ. ಹರೆಯದಲ್ಲಿ ಮಿರಜದ ರೇಡಿಯೋ ಅಂಗಡಿಯೊಂದರಲ್ಲಿ ಬೆಸುಗೆ ಕಲಿತು ಬಂದವನು ತುಪ್ಪದ ಡಬ್ಬಿಯ ತಗಡು ಕತ್ತರಿಸಿ ತಾನೇ ಒಂದು ಪ್ರಿಆಂಪ್ ಕಟ್ಟಿದ್ದ. ಮೈಕಿನಿಂದ ಬಂದ ಸಣ್ಣ ದನಿಯನ್ನು ದೊಡ್ಡ ಆಂಪ್ಲಿಫೈಯರಿಗೆ ಕೊಡುವ ಮೊದಲು ಹದ ಮಾಡುವ ಪೆಟ್ಟಿಗೆ ಅದು. ದನಿಯ ಚೂಪು ತಗ್ಗಿಸಿ, ಬೇಸ್ ಏರಿಸಿ, ಎಂಥ ಗಂಟಲಿಗೂ ಬೆಣ್ಣೆ ಸವರುತ್ತಿತ್ತು. ರಾಯಬಾಗ, ಅಥಣಿ ಕಡೆಯ ಮದುವೆಯವರು 'ಜಾಫರನ ಡಬ್ಬಿ'ಯೇ ಬೇಕೆಂದು ಹಟ ಹಿಡಿಯುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹೆಂಡತಿ ಹುಸೇನಬಿ ಕಾಡಿಸಿದರೆ, "ಹೆಗ್ಗಣ ಇಷ್ಟ ಚಂದ ಹಾಡತೈತೇನ?" ಎಂದು ಕೇಳುತ್ತಿದ್ದ.

ಆ ಡಬ್ಬಿಯಲ್ಲಿ ಎಲ್ಲರಿಗಿಂತ ಹೆಚ್ಚು ಹಾಡಿದವನು ಅಲಖನೂರಿನ ವಿರುಪಾಕ್ಷಪ್ಪ. ಕಬ್ಬಿನ ಹೊಲದ ಒಕ್ಕಲು, ಕೊರಳಲ್ಲಿ ಲಿಂಗ, ಬಾಯಲ್ಲಿ ಮೊಹರಮ್ಮಿನ ರಿವಾಯತ ಪದ. ಕರ್ಬಲಾದ ಕತೆಯನ್ನು ಕನ್ನಡದಲ್ಲಿ ಹಾಡುವ ಈ ಪದಗಳಿಗೆ ನಮ್ಮ ಸೀಮೆಯಲ್ಲಿ ಗಂಟಲು ಕೇಳುತ್ತಾರೆಯೇ ಹೊರತು ಜಾತಿ ಕೇಳುವುದಿಲ್ಲ. ವಿರುಪಾಕ್ಷಪ್ಪ ಮುಂದೆ ಹೇಳುತ್ತಿದ್ದ, ಜಾಫರಸಾಬ ಹಿಂದೆ ಸೊಲ್ಲು ಹಿಡಿಯುತ್ತಿದ್ದ. ಹಿಡಿಯುವಾಗಲೂ ಒಂದು ಕೈ ಡಬ್ಬಿಯ ಗುಂಡಿಯ ಮೇಲೆಯೇ ಇರುತ್ತಿತ್ತು. ತೂಗುವ ತೊಟ್ಟಿಲ ಬಿಟ್ಟು ಏಳದ ತಾಯಿಯ ಹಾಗೆ ಕೂತಿರುತ್ತಿದ್ದ.

ಇಬ್ಬರ ತಲೆಯೂ ನರೆತ ಮೇಲೆ ವಿರುಪಾಕ್ಷಪ್ಪನ ಗಂಟಲಿಗೆ ಕ್ಯಾನ್ಸರ್ ಬಂತು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಅವನು ಕೊರಳಿನ ತೂತಿನಿಂದ ಉಸಿರಾಡುತ್ತಾನೆ, ಅದರ ಮೇಲೊಂದು ಬಿಳಿ ಅರಿವೆ ಕಟ್ಟಿಕೊಳ್ಳುತ್ತಾನೆ. ತುಟಿಯಾಡಿಸಿದರೆ ತಿಳಿಯುವವರು ಇಬ್ಬರೇ, ಹೆಂಡತಿ ಲಕ್ಕವ್ವ ಮತ್ತು ಜಾಫರಸಾಬ.

ಈ ಶ್ರಾವಣದಲ್ಲಿ ಅವನು ಗೆಳೆಯನ ಕೈ ಹಿಡಿದು ಒಂದು ಮಾತು ಹೇಳಿದ. ತನ್ನ ದನಿ ಹೇಗಿತ್ತೆಂಬುದೇ ತನಗೆ ಮರೆಯುತ್ತಿದೆ, ಒಮ್ಮೆ ಕೇಳಬೇಕು ಎಂದ.

ದನಿ ಇತ್ತು. ಆಪರೇಶನ್ನಿನ ಹಿಂದಿನ ವರ್ಷ ಪಡಸಾಲೆಯಲ್ಲಿ ಮೊಹರಮ್ಮಿನ ತಾಲೀಮು ನಡೆದಾಗ ಮಗ ಭರತ ಅಪ್ಪನ ಮೊಣಕಾಲ ಬಳಿ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿಕೊಂಡಿದ್ದ. ಅಪ್ಪನಿಗಾಗಿ ಒಳ್ಳೆಯ ಸ್ಪೀಕರು, ಆಂಪ್ಲಿಫೈಯರು, ಮೊಬೈಲಿನ ಹಾಡನ್ನು ಬಿಡಿಸಿಕೊಡುವ ಡ್ಯಾಕ್ ಎಂಬ ಅಂಗೈಯಗಲದ ಪೆಟ್ಟಿಗೆ, ಎಲ್ಲ ತರಿಸಿದ. ಉಳಿದದ್ದು ಒಂದೇ ತಂಟೆ.

"ಕಾಕಾ, ಆವಾಜ ಮೊಬೈಲ್‌ನಾಗ ಏರಸಾಕ ಇಳಸಾಕ ಬರ್ತೈತಿ. ನಡಬರಕ ಪ್ರಿಆಂಪ್ ಯಾಕ್ರಿ? ಡೈರೆಕ್ಟ ಕೊಟ್ರ ಸ್ವಚ್ಛ ಕೇಳ್ತೈತಿ," ಎಂದ ಭರತ.

"ಸ್ವಚ್ಛ ಮಾಡಾಕ ಅದೇನ ಮುಸರಿ ಭಾಂಡೇ ಏನ್ಲೇ? ದನಿಗೆ ಮೈ ಬೇಕ. ನಿಮ್ಮಪ್ಪನ ದನಿ ಹೆಂಗ ಇಡಬೇಕಂತ ನನಗ ಹೇಳಾಕ ಬಂದಿ?"

ರವಿವಾರ ಮುಂಜಾನೆ ಜಾಫರಸಾಬ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಲಖನೂರಿಗೆ ಹೋದ. ಮೊದಲು ಅದರ ಮೂಲಕವೇ ಹಚ್ಚಿದ. ತುಂಬು ದನಿ ಪಡಸಾಲೆಗೆಲ್ಲ ಹರಡಿತು. ಊರು ಬಲ್ಲ ದನಿ ಅದು. ಲಕ್ಕವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿರುಪಾಕ್ಷಪ್ಪ ಕಣ್ಮುಚ್ಚಿ ಕೇಳಿದ, ತಲೆಯಾಡಿಸಿದ. ಆದರೂ ಏನೋ ಸಿಕ್ಕದವನಂತೆ ಮಗನ ಕೈಯಲ್ಲಿದ್ದ ವೈರಿನತ್ತ ಬೆರಳು ಮಾಡಿದ. ಅದನ್ನೂ ಕೇಳೋಣ ಎಂದು ಅರ್ಥ.

ಜಾಫರಸಾಬನಿಗೆ ಉರಿದುಹೋಯಿತು. "ಕೇಳು, ಅದನ್ನೂ ಕೇಳು," ಎನ್ನುತ್ತ ವೈರನ್ನು ತಾನೇ ಕಿತ್ತು ಡೈರೆಕ್ಟ್ ಕೊಟ್ಟ. ಸೆಟ್ಟಿನವರ ರೂಢಿ ಎಂದರೆ ಮೊಬೈಲಿನ ಆವಾಜು ಯಾವಾಗಲೂ ಪೂರ್ತಿ ಏರಿಸಿ ಇಡುವುದು, ಹತೋಟಿಯೆಲ್ಲ ಡಬ್ಬಿಯ ಗುಂಡಿಯಲ್ಲಿ. ಈಗ ಕೈಯಡಿ ಗುಂಡಿಯೇ ಇಲ್ಲ ಎಂಬುದು ಸಿಟ್ಟಿನಲ್ಲಿ ಅವನಿಗೆ ಹೊಳೆಯಲಿಲ್ಲ. ಭರತ ಬಾಯಿ ತೆರೆಯುವಷ್ಟರಲ್ಲಿ ಮೊಬೈಲಿನ ಹಾಡು ಒತ್ತಿಬಿಟ್ಟ.

ದನಿ ಮನೆ ನಡುಗುವಂತೆ ಎರಗಿತು. ಲಕ್ಕವ್ವ ಕಿವಿ ಮುಚ್ಚಿಕೊಂಡಳು. ಭರತ ಹಾರಿ ಬಂದು ಇಳಿಸಿದ. ಆದರೆ ಆ ಅಬ್ಬರದಲ್ಲಿ ಜಾಫರಸಾಬನ ಕಿವಿಗೆ ಏನೋ ತಗುಲಿತ್ತು. ಇಳಿಸಿದ ಮೇಲೂ ಅದು ಹೋಗಲಿಲ್ಲ. ಪ್ರತಿ ಸೊಲ್ಲಿನ ಕೊನೆಗೆ ಕರಕರ, ಅಕ್ಕಿಯಲ್ಲಿ ಉಳಿದ ಮರಳಿನಂತೆ. ಕರ್ಬಲಾದಲ್ಲಿ ಬಾಯಾರಿದ ಕೂಸಿಗೆ ಗುಟುಕು ನೀರು ಕೇಳುವ ಸಾಲು ಬಂದಾಗ ದನಿ ಹರಿದೇಹೋಯಿತು. ಡಬ್ಬಿಯ ಮೂಲಕ ಬಂದಾಗ ಅದೇ ಸಾಲು ನುಣ್ಣಗಿತ್ತು.

ಅವನಿಗೆ ದವಾಖಾನೆಯ ದಿನ ನೆನಪಾಯಿತು. ಈ ಬೇನೆ ಯಾವಾಗಿನಿಂದ ಎಂದು ಡಾಕ್ಟರು ಕೇಳಿದ ದಿನ ಅವನೂ ಅಲ್ಲಿದ್ದ. "ಮೊಹರಮ್ಮಿನಾಗ ದನಿ ಬಂಗಾರ ಇತ್ರಿ ಸಾಹೇಬ್ರ, ನಾನ ಸಾಕ್ಷಿ," ಎಂದು ಎದೆ ತಟ್ಟಿ ಹೇಳಿದ್ದ. ಆ ಮೊಹರಮ್ಮಿನಲ್ಲಿ ದನಿ ಯಾಕೋ ಒಡೆಯುತ್ತಿದೆ ಅನಿಸಿದ್ದು ನಿಜ. ಮೈಕು ಹಳೆಯದಾಯಿತೆಂದುಕೊಂಡು ಚೂಪಿನ ಗುಂಡಿಯನ್ನು ಇನ್ನಷ್ಟು ಇಳಿಸಿದ್ದ. ಊರೆಲ್ಲ ಬೆಣ್ಣೆಯನ್ನೇ ಕೇಳಿತು.

"ವೈರ ಸಡ್ಲ ಐತಿ, ಇದು ಬ್ಯಾಡ," ಎಂದು ಡಬ್ಬಿಗೆ ಕೈ ಹಾಕಿದ. ಕರಕರವನ್ನು ಮತ್ತೆ ಮುಚ್ಚಿಬಿಟ್ಟರೆ ಗೆಳೆಯ ತನ್ನ ರೋಗದ ದನಿ ಕೇಳಬೇಕಾಗಿಲ್ಲ, ತಾನೂ ಮುಖ ತಪ್ಪಿಸಬೇಕಾಗಿಲ್ಲ. ಆದರೆ ಪಿನ್ನನ್ನು ಡಬ್ಬಿಗೆ ಸಿಕ್ಕಿಸದೆ ಕೆಳಗಿಟ್ಟ. ಸುಳ್ಳು ಹೇಳಲು ಬರುವವನಲ್ಲ ಅವನು, ಬರೀ ಜಗಳಗಂಟ.

"ವಿರುಪಾಕ್ಷಿ, ವೈರ ನೆಟ್ಟಗ ಐತೋ," ಎಂದ. "ಈ ಕರಕರ ಆ ಮೊಹರಮ್ಮಿನಾಗ ನಿನ್ನ ಗಂಟಲದಾಗ ಇತ್ತು. ನಾನ ಮುಚ್ಚಿದೆ. ಇದ್ದಂಗ ಬಿಟ್ಟಿದ್ರ ಯಾರರೆ ಕೇಳ್ತಿದ್ರು, ನೀ ಲಗೂನ ದವಾಖಾನಿಗೆ ಹೋಗ್ತಿದ್ದಿ. ನಿನ್ನ ದನಿ ಉಳೀತಿತ್ತೋ ಏನೋ."

ಲಕ್ಕವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ವಿರುಪಾಕ್ಷಪ್ಪ ಗೆಳೆಯನತ್ತ ತಿರುಗಲಿಲ್ಲ, ಇನ್ನೊಮ್ಮೆ ಹಚ್ಚು ಎಂದು ಮಗನಿಗೆ ಕೈಸನ್ನೆ ಮಾಡಿದ. ಪದ ಮೊದಲಿಂದ ಕೊನೆಯವರೆಗೂ ಕೇಳಿತು, ಕರಕರದೊಂದಿಗೇ. ಕೊರಳಿನ ಬಿಳಿ ಅರಿವೆ ಉಸಿರಿಗೆ ಏಳುತ್ತ ಬೀಳುತ್ತ ಇತ್ತು. ಹರಿದ ಸಾಲು ಬಂದಾಗ ಅವನು ಸ್ಪೀಕರಿನ ಹತ್ತಿರಕ್ಕೆ ಸರಿದು ಕೂತ.

ಮುಗಿದ ಮೇಲೆ ಜಾಫರಸಾಬನ ಕಡೆ ನೋಡಿ ನಿಧಾನವಾಗಿ ತುಟಿಯಾಡಿಸಿದ. ಜಾಫರಸಾಬ ತಲೆ ತಗ್ಗಿಸಿದ.

"ಅಪ್ಪ ಏನಂದ್ರು ಕಾಕಾ?" ಎಂದು ಭರತ ಕೇಳಿದ.

ಲಕ್ಕವ್ವ ಹೇಳುತ್ತಾಳೇನೋ ಎಂದು ಜಾಫರಸಾಬ ಕಾದ. ಅವಳು ನೀನೇ ಹೇಳು ಎಂಬಂತೆ ಅವನತ್ತ ನೋಡಿದಳು. ಜೀವಮಾನವಿಡೀ ಹಿಂದೆ ಸೊಲ್ಲು ಹಿಡಿದವನು ಈಗ ಗೆಳೆಯನ ಮಾತನ್ನು ತಾನೇ ಹೇಳಬೇಕಾಯಿತು.

"'ಡಬ್ಬ್ಯಾಗ ಕೇಳಿದ್ದು ನಿನ್ನ ದನಿ ಆಗಿತ್ತೋ ಜಾಫರ. ಇದು ನಂದು. ಡಬ್ಬಿ ಒಯ್ಯಿ, ಇದನ್ನ ಇದ್ದಂಗ ಬಿಟ್ಟು ಹೋಗು' ಅಂದಾನ."