ಕಾಕಾ ಒಡೆದ ಕೀಲಿ

ಹಳೆಯ ಸಾಮಾನಿನ ಚೀಲ ಕೊಡವುವಾಗ ಒಂದು ಕೀಲಿ ಬಿತ್ತು. ಕೊಂಡಿ ಮುರಿದ, ಸುತ್ತಿಗೆ ಪೆಟ್ಟಿನ ಗುರುತಿರುವ ಹಿತ್ತಾಳೆ ಬೀಗ. ಗ್ರೀಸಿನ ವಾಸನೆ ಇನ್ನೂ ಇದೆ. ಗುಡಗೇರಿ ಹತ್ತಿರದ ಪಂಪ್‌ಹೌಸಿನ ಕಾಕಾನ ಕೈಯೂ ಹೀಗೇ ನಾರುತ್ತಿತ್ತು... ಎಂದು ಬರೆಯಲು ಹೊರಟೆ. ಗೊತ್ತಿಲ್ಲ. ಆ ಕೈಯನ್ನು ನಾನು ಒಮ್ಮೆಯೂ ಹಿಡಿದಿರಲಿಲ್ಲ.

ಊರಿಗೆಲ್ಲ ಕಾಕಾ ಆಗಿದ್ದ ಅವರು ಕುಡಿಯುವ ನೀರಿನ ಪಂಪ್ ನಡೆಸುತ್ತಿದ್ದರು. ಗುತ್ತಿಗೆ ನೌಕರಿ, ವರ್ಷ ವರ್ಷ ನವೀಕರಣ. ಊರಾಚೆಯ ಟಾಕಿಯಲ್ಲಿ ನೀರು ಎಷ್ಟಿದೆ ಎಂಬುದನ್ನು ಒಂದು ಹಳೆಯ ಮೋಡೆಮ್ ಫೋನ್ ತಂತಿಯ ಮೇಲೆ ಪಂಪ್‌ಹೌಸಿನ ಕಂಪ್ಯೂಟರಿಗೆ ತಿಳಿಸುತ್ತಿತ್ತು. ಆ ಕಂಪ್ಯೂಟರ್ ತೆಗೆದು, ಕೆಲಸವನ್ನು ಜಿಲ್ಲಾ ಕಚೇರಿಯ ಎರಡು ವರ್ಚುವಲ್ ಸರ್ವರುಗಳಿಗೆ ಒಪ್ಪಿಸಲು ನನ್ನನ್ನು ಕಳಿಸಿದ್ದರು. ಒಂದು ಬಿದ್ದರೆ ಇನ್ನೊಂದು ತಾನಾಗಿ ಎದ್ದು ಕೆಲಸ ಹಿಡಿಯಬೇಕು. ಮೋಡೆಮ್ಮಿನ ಸೀರಿಯಲ್ ವೈರ್ ಚುಚ್ಚೋಣವೆಂದರೆ ಅಂಥ ಸರ್ವರಿಗೆ ಮೈಯೇ ಇಲ್ಲ, ಇನ್ನೊಂದು ಯಂತ್ರದೊಳಗಿನ ಬರೀ ಸಾಫ್ಟ್‌ವೇರ್ ಅದು. ಅದಕ್ಕೇ ನಡುವೆ ಅಂಗೈಯಗಲದ ಡಬ್ಬಿಯೊಂದನ್ನು ಕೂರಿಸಿದೆ. ಒಂದು ಕಡೆ ಮೋಡೆಮ್, ಇನ್ನೊಂದು ಕಡೆ ನೆಟ್‌ವರ್ಕ್.

ಕಾಕಾನಿಗೆ ಒಂದು ಚಾಳಿಯಿತ್ತು. ದಿನಾ ಬೆಳಗಿನ ಚಹಾ ಆದಮೇಲೆ ಮೋಡೆಮ್ಮಿನ ಸ್ವಿಚ್ ಬಂದ್ ಮಾಡಿ, ಹತ್ತು ಎಣಿಸಿ, ಮತ್ತೆ ಚಾಲೂ ಮಾಡುವುದು.

“ಸ್ವಲ್ಪ ಉಸಿರಾಡ್ಲಿ ಅಂತ್ರೀ.”

“ಅದೇನ್ ಎಮ್ಮಿ ಏನ್ರೀ ಕಾಕಾ?”

“ಎಮ್ಮಿ ಆದ್ರ ಒದ್ದು ಹೇಳ್ತೈತ್ರಿ ಸಾಹೇಬ್ರ. ಇದು ಕುಂತಲ್ಲೇ ಸಾಯ್ತೈತಿ.”

ಎಲ್ಲರೂ ನಕ್ಕರು. ನಾನು ಮೋಡೆಮ್, ಡಬ್ಬಿ, ಈಗ ಎರಡಕ್ಕೂ ಕರೆಂಟು ಕೊಡುವ ಆ ಸ್ವಿಚ್ ಮೂರನ್ನೂ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕೀಲಿ ಜಡಿದೆ. ಕೀಲಿಕೈ ನನ್ನ ಕಿಸೆಗೆ.

ಪರೀಕ್ಷೆಯ ದಿನ ಮೊದಲ ಸರ್ವರನ್ನು ಕ್ರಮವಾಗಿ ಮುಚ್ಚಿದೆ. ಎರಡನೆಯದು ತಕ್ಷಣ ಎದ್ದಿತು. ಮೇಲಿನವರು ಖುಷಿಯಿಂದ ಎಲ್ಲರಿಗೂ ತಿನ್ನಲು ಗಿರಮಿಟ್ ತರಿಸಿದರು. ಕಾಕಾ ಮಾತ್ರ ಅಂದರು: “ಹೇಳಿ ಹೋಗೂದು ಬ್ಯಾರೆ, ದಪ್ಪಂತ ಬೀಳೂದು ಬ್ಯಾರೆ. ಒಮ್ಮಿ ವೈರ್ ಕಿತ್ತು ನೋಡ್ರಿ.” ಮೊದಲ ಮಾತನ್ನು ಆಮೇಲೆ ನಾನೇ ಅವರ ಬಾಯಿಗೆ ಹಾಕಿರಬಹುದು, ಅನುಮಾನ ಬರುವಷ್ಟು ಚೆನ್ನಾಗಿದೆ. ಎರಡನೆಯದು ನಿಜ. ನಾನು ಕೀಳಲಿಲ್ಲ. ಬಸ್ಸಿಗೆ ತಡವಾಗುತ್ತಿತ್ತು.

ಕೆಲವು ವಾರಗಳ ನಂತರ ಮೊದಲ ಸರ್ವರ್ ಕುಂತಲ್ಲೇ ಸತ್ತಿತು. ಡಬ್ಬಿಯೊಡನೆ ಒಂದು ಸಲಕ್ಕೆ ಒಂದೇ ಸರ್ವರ್ ಮಾತಾಡಬಹುದು. ಸತ್ತದ್ದು ಇನ್ನೂ ಮಾತಾಡುತ್ತಿದೆ ಎಂದೇ ಡಬ್ಬಿ ನಂಬಿತ್ತು. ಎರಡನೆಯದು ಎದ್ದು ಬಂದು ಹೊರಗೇ ನಿಂತಿತು. ಪರದೆಯ ಮೇಲೆ ಹಳೆಯ ಲೆಕ್ಕವೇ ಉಳಿಯಿತು: ಟಾಕಿ ಭರ್ತಿ. ಭರ್ತಿ ಎಂದಿದ್ದರೆ ಕೈಯಿಂದ ಒತ್ತಿದರೂ ಪಂಪ್ ಚಾಲೂ ಆಗದಂತೆ ಕಟ್ಟಿದವನು ನಾನೇ. ಎರಡು ದಿನ ಊರಿನ ನಳಗಳು ಒಣಗಿದವು.

ಕಾಕಾ ಫೋನ್ ಮಾಡಿದರು. “ಟಾಕಿ ಹತ್ತಿ ನೋಡಿ ಬಂದೀನ್ರಿ. ತಳದಾಗ ಹಸಿ ಸೈತ ಇಲ್ಲ. ಕೀಲಿ ಒಡೀಲೇನ್ರಿ?”

“ಒಡೀಬ್ಯಾಡ್ರಿ ಕಾಕಾ, ನೌಕರಿ ಹೋಗ್ತೈತಿ. ನಾಳೆ ಬರ್ತೀನಿ.”

“ನಾಳಿತನಕ ಮಂದಿ ಏನ್ ಕುಡೀಬೇಕ್ರಿ, ನಿಮ್ಮ ಪರದೀನ?”

ಒಡೆದರು. ಬಂದ್, ಹತ್ತು, ಚಾಲೂ. ಕರೆಂಟು ಹೋಗಿ ಬಂದದ್ದೇ ಡಬ್ಬಿ ಸತ್ತ ಸರ್ವರನ್ನು ಮರೆತು, ಎರಡನೆಯ ಸರ್ವರನ್ನು ಒಳಗೆ ಬಿಟ್ಟುಕೊಂಡಿತು. ಟಾಕಿಗೆ ನೀರು ಏರಿತು.

ವಿಚಾರಣೆಯಾಯಿತು. ನನ್ನ ವರದಿ ಕೇಳಿದರು. “ಪೆಟ್ಟಿಗೆ ಒಡೆದು ಸಲಕರಣೆ ಮುಟ್ಟಿದ್ದರಿಂದ ಸಂಪರ್ಕ ಕಡಿದಿದೆ” ಎಂದು ಬರೆದೆ. ಮೊದಲು ಆದದ್ದನ್ನು ಆಮೇಲೆ, ಆಮೇಲಿನದನ್ನು ಮೊದಲು ಇಟ್ಟೆ, ಅಷ್ಟೇ. ಕಾಕಾನ ಗುತ್ತಿಗೆ ನವೀಕರಣವಾಗಲಿಲ್ಲ. ಚಾರ್ಜ್ ಒಪ್ಪಿಸುವಾಗ ಒಡೆದ ಕೀಲಿಯನ್ನು ನನ್ನ ಮುಂದಿಟ್ಟರು. “ಸರ್ಕಾರಿ ಸಾಮಾನ್ರಿ. ಸಹಿ ಮಾಡಿ ತಗೋರಿ.” ಸಹಿ ಮಾಡಿದೆ. ಅವರು ಬೈಯಲಿಲ್ಲ. ಬೈದಿದ್ದರೆ...

ಹೋದ ತಿಂಗಳು ಅದೇ ಪಂಪ್‌ಹೌಸಿಗೆ ಹೋಗಿದ್ದೆ. ಕಾಕಾ ತೀರಿಕೊಂಡ ಸುದ್ದಿಯನ್ನು ಹೊಸ ಆಪರೇಟರ್ ಚಹಾ ಬಸಿಯುತ್ತ ಹೇಳಿದ. ಚಹಾ ಕುಡಿದು ಎದ್ದು, ಸ್ವಿಚ್ ಬಂದ್ ಮಾಡಿ, ತುಟಿ ಅಲ್ಲಾಡಿಸುತ್ತ ನಿಂತ. ಯಾಕೆ ಎಣಿಸುತ್ತೀರಿ ಎಂದೆ.

“ನೀವ ಬರದೀರಲ್ರಿ ಸರ್.” ಗೋಡೆ ತೋರಿಸಿದ. ವಿಚಾರಣೆ ಮುಗಿದ ಮೇಲೆ ನಾನು ಟೈಪ್ ಮಾಡಿ ಕಳಿಸಿದ್ದ ಸೂಚನೆಯ ಹಾಳೆ. ದಿನಕ್ಕೊಮ್ಮೆ ಬಂದ್ ಮಾಡಿ, ಹತ್ತು ಎಣಿಸಿ, ಚಾಲೂ ಮಾಡತಕ್ಕದ್ದು. ಕೆಳಗೆ ನನ್ನೊಬ್ಬನ ಹೆಸರು.

ಹೌದೆಂದೆ.

ಕೀಲಿಯನ್ನು ಮತ್ತೆ ಚೀಲಕ್ಕೇ ಹಾಕಿದ್ದೇನೆ. ಸಹಿ ಮಾಡಿ ತೆಗೆದುಕೊಂಡದ್ದಲ್ಲವೇ.